ಜಾತಿ ಬಿಟ್ಟು ಬಯಾಲಜಿ ಪಾಠ ಮುಗಿಸೋದು ಹೇಗೆ?

ಪಿಯು ಬಯಾಲಜಿ ಮೇಷ್ಟ್ರುಗಳೇ, ಮೇಡಂಗಳೇ,

ಹೊಸ ವರ್ಷದ ಪಾಠಯೋಜನೆ ಬರೀತಾ ಇದ್ದೀರಿ. ಈಗ ಎಲ್ಲಿ ನೋಡಿದ್ರೂ ‘ಅಡ್ವಾನ್ಸ್ಡ್ ಬಯಾಲಜಿ’ ಅಂತ ಬೋರ್ಡು. ಒಳಗೆ ಹೋದ್ರೆ ಅದೇ ಎನ್‌ಸಿಇಆರ್‌ಟಿ ಪುಸ್ತಕ, ಜೊತೆಗೆ ನೀಟ್‌ಗೆ ಅಂತ ಇನ್ನೊಂದು ಮೂಟೆ ಪ್ರಶ್ನೆ. ಇದಕ್ಕೆ ಉರು ಹೊಡೆಸೋದು ಅಂತಾರೆ.

ನಾನು ಹೇಳೋದು ಇಷ್ಟೇ. ಈ ದೇಶದಲ್ಲಿ ಜಾತಿಯನ್ನು ಮುಟ್ಟದೆ ಜೀವಶಾಸ್ತ್ರ ಮುಗಿಸಿದರೆ ಅದು ಅರ್ಧ ಪಾಠ. ‘ಅದು ಸೋಷಿಯಲ್ ಮೇಷ್ಟ್ರ ಕೆಲಸ’ ಅಂತೀರಿ. ಅಲ್ಲ ಸ್ವಾಮಿ, ನಿಮ್ಮ ಪುಸ್ತಕವನ್ನೇ ತೆಗೀರಿ.

ದ್ವಿತೀಯ ಪಿಯು, ಅನುವಂಶೀಯತೆ. ವಂಶವೃಕ್ಷ ಬಿಡಿಸಿ ರಿಸೆಸಿವ್ ಕಾಯಿಲೆ ಹೇಗೆ ಇಳಿದು ಬರುತ್ತೆ ಅಂತ ಕಲಿಸ್ತೀರಿ. ಅಲ್ಲೇ ನಮ್ಮ ನೆಲದ ಉದಾಹರಣೆ ಕೊಡಿ. ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡ್ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಇಲ್ಲಿನ ಜನ ವ್ಯಾಪಕವಾಗಿ ಬೆರೆತರು. ಆಮೇಲೆ ಒಳಮದುವೆಯ ಬೇಲಿ ಬಿತ್ತು. ‘ಶುದ್ಧ ರಕ್ತ’ದ ಕತೆ ಅಲ್ಲಿಗೇ ಮುಗೀತು. ಬೇಲಿಯ ಫಲ ಏನು? ವೈಶ್ಯ ಸಮುದಾಯದಲ್ಲಿ ಬ್ಯೂಟೈರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ ಬೇರೆಯವರಿಗಿಂತ ಹೆಚ್ಚು. ಆ ಕೊರತೆ ಇದ್ದವರಿಗೆ ಆಪರೇಷನ್ ವೇಳೆ ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೊಟ್ಟರೆ ಗಂಟೆಗಟ್ಟಲೆ ತಾವಾಗಿ ಉಸಿರಾಡೋಕೆ ಆಗಲ್ಲ. ಯಾರನ್ನೂ ಆಡಿಕೊಳ್ಳೋಕೆ ಇದನ್ನು ಹೇಳ್ತಿಲ್ಲ. ತಲೆತಲಾಂತರ ತಮ್ಮೊಳಗೇ ಮದುವೆಯಾದ ಯಾವ ಜಾತಿಗಾದ್ರೂ, ನಮ್ಮವರಿಗೂ, ಲೆಕ್ಕ ಇದೇ. ಜಾತಿಯ ಜೀವಾಳ ಒಳಮದುವೆ ಅಂತ ಬಾಬಾಸಾಹೇಬರು 1916ರಲ್ಲೇ ಕೊಲಂಬಿಯಾದಲ್ಲಿ ಪ್ರಬಂಧ ಮಂಡಿಸಿದ್ದರು. ಅದನ್ನು ಈ ಪಾಠದ ಪಕ್ಕ ಇಟ್ಟು ಓದಿಸಿ.

ಅದೇ ಪುಸ್ತಕದ ಸೂಕ್ಷ್ಮಜೀವಿಗಳ ಪಾಠಕ್ಕೆ ಬನ್ನಿ. ಕೊಳಚೆ ನೀರಿನ ಶುದ್ಧೀಕರಣ, ಬಿಓಡಿ, ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾ ಬಿಡುವ ಮೀಥೇನ್, ಹೈಡ್ರೋಜನ್ ಸಲ್ಫೈಡ್. ಮಕ್ಕಳು ಗಿಣಿಪಾಠ ಒಪ್ಪಿಸ್ತಾರೆ. ಅದೇ ಅನಿಲ ಮ್ಯಾನ್‌ಹೋಲ್‌ನಲ್ಲಿ ನಮ್ಮ ಹುಡುಗರನ್ನು ಕೊಲ್ಲುತ್ತೆ ಅಂತ ಎಷ್ಟು ಜನ ಹೇಳಿದ್ದೀರಿ? ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೂಗು ವಾಸನೆಯನ್ನೇ ಹಿಡಿಯಲ್ಲ, ಅಪಾಯ ಗೊತ್ತೇ ಆಗಲ್ಲ. ಅದು ಮೈಟೋಕಾಂಡ್ರಿಯಾದ ಸೈಟೋಕ್ರೋಮ್ ಆಕ್ಸಿಡೇಸನ್ನು ತಡೆದು ಜೀವಕೋಶದ ಉಸಿರು ಕಟ್ಟಿಸುತ್ತೆ. ಪ್ರಥಮ ಪಿಯು ಉಸಿರಾಟದ ಪಾಠದಲ್ಲಿ ನೀವೇ ಕಲಿಸಿದ ಕಿಣ್ವ ಅದು! ಎರಡು ವರ್ಷದ ಎರಡು ಪಾಠ ಜೋಡಿಸಿ ಒಂದು ಸಾವನ್ನು ಅರ್ಥ ಮಾಡಿಸಿ, ಅದನ್ನು ಅಡ್ವಾನ್ಸ್ಡ್ ಅಂತ ಒಪ್ತೀನಿ. ಮಲಹೊರುವ ಪದ್ಧತಿ ನಿಷೇಧಿಸಿ 2013ರಲ್ಲಿ ಹೊಸ ಕಾನೂನು ಬಂತು. ಚರಂಡಿ ಸಾವಿಗೆ ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ ಪರಿಹಾರ ಅಂದಿತು, 2023ರಲ್ಲಿ 30 ಲಕ್ಷ. ಪರಿಹಾರ ಏರಿತು, ಗುಂಡಿಗೆ ಇಳಿಸೋದು ನಿಂತಿಲ್ಲ.

‘ಸಿಲಬಸ್ ಮುಗಿಯಲ್ಲ’ ಅನ್ನಬೇಡಿ. ಇದೆಲ್ಲಾ ಸಿಲಬಸ್ಸೇ. ವರ್ಷಕ್ಕೆ ನಾಲ್ಕು ಪೀರಿಯಡ್ ಸಾಕು. ಯೋಜನೆಯಲ್ಲಿ ತಾರೀಕು ಹಾಕಿ ಬರೀರಿ, ‘ಟೈಮ್ ಉಳಿದ್ರೆ ನೋಡೋಣ’ ಬೇಡ.

ಹಾಸ್ಟೆಲಿಂದ ಬರೋ ನಮ್ಮ ಹುಡುಗಿ ಕಾರಿಡಾರಲ್ಲಿ ದಿನಾ ಕೇಳೋ ಮಾತು: ‘ಮೆರಿಟ್ ರಕ್ತದಲ್ಲೇ ಬರಬೇಕು’. ಇದು ಜೀವಶಾಸ್ತ್ರದ ಹೆಸರಲ್ಲಿ ಹೇಳುವ ಸುಳ್ಳು. ಇದನ್ನು ಸುಳ್ಳು ಅಂತ ಕ್ಲಾಸಲ್ಲಿ ನಿಂತು, ಎಲ್ಲರ ಎದುರು ಹೇಳಬೇಕಾದವರು ಜೀವಶಾಸ್ತ್ರದ ಮೇಷ್ಟ್ರು. ಈ ಸಲದ ಯೋಜನೆಯಲ್ಲಿ ಅದಕ್ಕೆ ಜಾಗ ಎಲ್ಲಿದೆ, ತೋರಿಸಿ.

ಜೈ ಭೀಮ್.