ತೊನ್ನಿನ ಚಿಕಿತ್ಸೆಯಲ್ಲಿ ಹೊಸ ಔಷಧಿಗಳು: ಸಾರ್ವಜನಿಕರು ತಿಳಿದಿರಬೇಕಾದ ಅಂಶಗಳು

ಚರ್ಮಕ್ಕೆ ಬಣ್ಣ ನೀಡುವ ಮೆಲನೋಸೈಟ್ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ನಾಶಪಡಿಸುವುದರಿಂದ ತೊನ್ನು ಉಂಟಾಗುತ್ತದೆ. ಇದು ಸೋಂಕಲ್ಲ, ಸ್ಪರ್ಶದಿಂದಾಗಲಿ ಸಹಭೋಜನದಿಂದಾಗಲಿ ಹರಡುವುದಿಲ್ಲ. ಕುಷ್ಠರೋಗವು ರೋಗಾಣುವಿನಿಂದ ಬರುವ ಬೇರೆಯೇ ಕಾಯಿಲೆ. ಆದಾಗ್ಯೂ 'ಶ್ವೇತಕುಷ್ಠ' ಎಂಬ ಹಳೆಯ ಹೆಸರಿನಿಂದಾಗಿ ಎರಡನ್ನೂ ಒಂದೆಂದು ಭಾವಿಸುವುದುಂಟು. ಮದುವೆ, ಉದ್ಯೋಗಗಳಲ್ಲಿ ಇದರ ಬೆಲೆ ತೆರುವವರು ಪೀಡಿತರೇ ಆಗಿರುತ್ತಾರೆ.

ಬಾವಂಚಿ ಬೀಜದಲ್ಲಿರುವ ಸೋರಾಲೆನ್ ಎಂಬ ಅಂಶವನ್ನು ನೇರಳಾತೀತ ಕಿರಣದೊಂದಿಗೆ ಬಳಸುವ ಕ್ರಮ ಬಹುಕಾಲದಿಂದ ಇದೆ. ಇತ್ತೀಚಿನ ಔಷಧಿಗಳು ರೋಗದ ಮೂಲಪ್ರಕ್ರಿಯೆಯನ್ನೇ ಗುರಿಯಾಗಿಸುತ್ತವೆ. ನಿರೋಧಕ ಕೋಶಗಳಿಗೆ ದಾಳಿಯ ಸಂಕೇತ ಒಯ್ಯುವ 'ಜಾಕ್' ಕಿಣ್ವಗಳನ್ನು ಇವು ತಡೆಯುತ್ತವೆ. ಈ ವರ್ಗದ ರುಕ್ಸೋಲಿಟಿನಿಬ್ ಶೇ. 1.5ರ ಲೇಪನಕ್ಕೆ 2022ರ ಜುಲೈನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, 2023ರಲ್ಲಿ ಐರೋಪ್ಯ ಒಕ್ಕೂಟವು, 12 ವರ್ಷ ಮೇಲ್ಪಟ್ಟವರಿಗಾಗಿ ಅನುಮೋದನೆ ನೀಡಿದವು.

ಫಲಿತಾಂಶವನ್ನು ಸಮಚಿತ್ತದಿಂದ ಪರಿಶೀಲಿಸುವುದು ಸೂಕ್ತ. ಎರಡು ಪ್ರಮುಖ ಪ್ರಯೋಗಗಳಲ್ಲಿ 24 ವಾರಗಳ ನಂತರ, ಮುಖದ ತೊನ್ನು ಶೇ. 75ರಷ್ಟು ಸುಧಾರಿಸಿದ್ದು ಸುಮಾರು ಶೇ. 30 ಮಂದಿಯಲ್ಲಿ, ಔಷಧರಹಿತ ಲೇಪನ ಬಳಸಿದವರಲ್ಲಿ ಈ ಪ್ರಮಾಣ ಶೇ. 7ರಿಂದ 11. ಅಂದರೆ ಔಷಧಿಯ ಪರಿಣಾಮ ನೈಜವಾದುದು, ಆದರೆ ಎಲ್ಲರಿಗೂ ಅಲ್ಲ, ತಕ್ಷಣವೂ ಅಲ್ಲ. ಗಂಭೀರ ಸೋಂಕು ಮುಂತಾದ ಅಪಾಯಗಳ ಎಚ್ಚರಿಕೆಯೂ ಇರುವುದರಿಂದ ಚರ್ಮರೋಗ ತಜ್ಞರ ಸಲಹೆಯಿಲ್ಲದೆ ಬಳಸತಕ್ಕದ್ದಲ್ಲ.

ಈ ಹಿನ್ನೆಲೆಯಲ್ಲಿ ಸಾರ್ವಜನಿಕರು ಕೆಳಕಂಡ ಅಂಶಗಳನ್ನು ಗಮನಿಸಲು ಕೋರಲಾಗಿದೆ:

1. ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಅಧಿನಿಯಮ, 1954ರ ಅನುಸೂಚಿಯಲ್ಲಿ ತೊನ್ನು ಸೇರಿದೆ. ಇದನ್ನು ಗುಣಪಡಿಸುವುದಾಗಿ ಔಷಧಿಯ ಜಾಹೀರಾತು ನೀಡುವುದು ನಿಷಿದ್ಧ. 'ಖಚಿತ ಪರಿಹಾರ'ದ ಜಾಹೀರಾತು ನಂಬಿ ಹಣ ಕಳೆದುಕೊಳ್ಳಬಾರದು.

2. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರಡಿ ನಿರ್ದಿಷ್ಟಪಡಿಸಿದ 21 ವರ್ಗಗಳಲ್ಲಿ ತೊನ್ನು ಇಲ್ಲ. 'ಕುಷ್ಠರೋಗದಿಂದ ಗುಣಮುಖರಾದವರು' ಎಂಬ ವರ್ಗವಿದೆ. ತೊನ್ನು ಮಾತ್ರ ಇರುವವರು ಪ್ರಮಾಣಪತ್ರದ ಅರ್ಜಿಯಲ್ಲಿ ಆ ವರ್ಗವನ್ನು ನಮೂದಿಸಬಾರದು. ತಪ್ಪು ನಮೂದಿನಿಂದ ಅರ್ಜಿ ತಿರಸ್ಕೃತವಾಗಬಹುದು. ಇಲ್ಲದ ರೋಗವೊಂದು ದಾಖಲೆಯಲ್ಲಿ ಉಳಿಯಲೂಬಹುದು.

3. ಬಿಳಿ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಕಡಿಮೆಯಾಗಿದ್ದರೆ ಅದು ಕುಷ್ಠರೋಗದ ಲಕ್ಷಣವಿರಬಹುದು. ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಕೂಡಲೇ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು. ಕುಷ್ಠರೋಗಕ್ಕೂ ಸಂಪೂರ್ಣ ಗುಣಪಡಿಸುವ ಚಿಕಿತ್ಸೆ ಉಚಿತವಾಗಿ ಲಭ್ಯವಿದೆ.

ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ವೈದ್ಯಕೀಯ ಸಲಹೆಗೆ ಪರ್ಯಾಯವಲ್ಲ.