ಎತ್ತಿನ ನೋವು ತಿಳಿಯುತ್ತದೆ, ಅವ್ವನದು?

ನವಲಗುಂದದ ಎರೆಹೊಲದ ರೈತನಿಗೆ ಎತ್ತಿನ ನೋವು ತಿಳಿಯಲು ಎತ್ತು ಮಾತಾಡಬೇಕಿಲ್ಲ. ಮೇವು ಬಿಟ್ಟಿತು, ಕುಂಟಿತು, ಮುಟ್ಟಿದರೆ ಒದೆಯಲು ಬಂತು ಎಂದರೆ ಸಾಕು. ಗೊರಸು ನೋಡುತ್ತಾನೆ, ಹೆಗಲು ನೋಡುತ್ತಾನೆ, ಪಶುವೈದ್ಯರಿಗೆ ಫೋನ್ ಮಾಡುತ್ತಾನೆ.

ಅದೇ ಮನೆಯಲ್ಲಿ ಮರೆವಿನ ಕಾಯಿಲೆಯ ಅವ್ವ ಜಳಕಕ್ಕೆ ಎಬ್ಬಿಸಿದರೆ ಚೀರುತ್ತಾಳೆ, ಸೊಸೆಗೆ ಹೊಡೆಯುತ್ತಾಳೆ, ರೊಟ್ಟಿ ದೂಡುತ್ತಾಳೆ. ಆಗ ಮಾತ್ರ ಯಾರೂ ಮೊಣಕಾಲು ನೋಡುವುದಿಲ್ಲ. 'ಅರಳುಮರಳು' ಎಂಬ ಒಂದೇ ಪದದಲ್ಲಿ ತಪಾಸಣೆ ಮುಗಿಯುತ್ತದೆ. ಮುಂದಿನ ಬೇಡಿಕೆ, 'ಡಾಕ್ಟರೇ, ನಿದ್ದಿ ಗುಳಿಗಿ ಕೊಡ್ರಿ.'

ತಕರಾರು ಸೊಸೆಯ ಮೇಲಲ್ಲ. ಹಗಲು ಕಳೆ ತೆಗೆದು, ರಾತ್ರಿ ನಿದ್ದೆಗೆಟ್ಟು ಆರೈಕೆ ಮಾಡುವವಳು ಅವಳೇ. ಅವಳಿಗೆ ಯಾರೂ ಏನೂ ಕಲಿಸದೆ, ಎಲ್ಲ ಹೊಣೆಯನ್ನು ಅವಳ ತಲೆಗೆ ಕಟ್ಟಿದ ವ್ಯವಸ್ಥೆಯ ಮೇಲೆ ನನ್ನ ಸಿಟ್ಟು.

ಮೆದುಳಿನ ಕಾಯಿಲೆ ಮಾತನ್ನು ಕಸಿಯುತ್ತದೆ, ನೋವನ್ನಲ್ಲ. ಸವೆದ ಮೊಣಕಾಲು, ಹುಳುಕು ಹಲ್ಲು, ಮಲಬದ್ಧತೆ, ಉರಿಮೂತ್ರ, ಬೆನ್ನಿನ ಹಾಸಿಗೆ ಹುಣ್ಣು ಎಲ್ಲವೂ ನೋಯುತ್ತವೆ. ಹೇಳಲು ಪದ ಸಿಗದಿದ್ದಾಗ ಅದು ಚೀರಾಟವಾಗಿ, ಹೊಡೆತವಾಗಿ ಹೊರಬರುತ್ತದೆ. ನಾರ್ವೆಯ 18 ನರ್ಸಿಂಗ್ ಹೋಂಗಳಲ್ಲಿ, ಡಿಮೆನ್ಷಿಯಾ ಜೊತೆಗೆ ಇಂಥ ವರ್ತನೆಯೂ ಇದ್ದ 352 ಮಂದಿಯ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ 8 ವಾರ ಕ್ರಮಬದ್ಧವಾಗಿ ನೋವಿನ ಚಿಕಿತ್ಸೆ ಕೊಟ್ಟರು. ಹೆಚ್ಚಿನವರಿಗೆ ಕೊಟ್ಟದ್ದು ಬರೀ ಪ್ಯಾರಾಸಿಟಮಾಲ್. ಆ ಗುಂಪಿನಲ್ಲಿ ಕೆರಳಾಟ ಶೇ. 17ರಷ್ಟು ಇಳಿಯಿತು.

ಗುರುತಿಸುವುದು ಹೇಗೆ? 2003ರಿಂದಲೇ 'ಪೇನ್ಯಾಡ್' ಎಂಬ ಸರಳ ಅಳತೆಗೋಲಿದೆ. ನೋಡಬೇಕಾದದ್ದು ಐದೇ: ಉಸಿರಾಟ, ನರಳಾಟ, ಮುಖಭಾವ, ಮೈಯ ಬಿಗಿತ, ಸಮಾಧಾನ ಮಾಡಿದರೆ ತಣ್ಣಗಾಗುತ್ತಾರೋ ಇಲ್ಲವೋ. ಪ್ರತಿಯೊಂದಕ್ಕೂ 0ಯಿಂದ 2 ಅಂಕ. ಸುಮ್ಮನೆ ಮಲಗಿದ್ದಾಗಷ್ಟೇ ಅಲ್ಲ, ಎಬ್ಬಿಸುವಾಗ, ಮಗ್ಗಲು ತಿರುಗಿಸುವಾಗ ನೋಡಬೇಕು. ಬಾಯಿಬಿಟ್ಟು ಕೇಳುವುದನ್ನೂ ಬಿಡಬಾರದು. 'ನೋವಿದೆಯೇ' ಎಂಬ ಪುಸ್ತಕದ ಮಾತು ಬೇಡ. ಮೊಣಕಾಲ ಮೇಲೆ ಕೈಯಿಟ್ಟು, 'ಯವ್ವಾ, ಇಲ್ಲೆ ಬ್ಯಾನಿ ಆಗತೈತೇನು?' ಎಂದು ಕೇಳಿ ಮುಖ ನೋಡಿ.

ಡಾಕ್ಟರ ಮುಂದೆ 'ಭಾಳ ಹಟಾ ಮಾಡ್ತಾಳ್ರಿ' ಎಂದರೆ ನಿದ್ದೆ ಗುಳಿಗೆ ಬರುತ್ತದೆ. 'ಎಂಟು ದಿನದಿಂದ, ಎಡಗಾಲು ಎತ್ತಿದಾಗ ಮಾತ್ರ ಚೀರ್ತಾಳ್ರಿ, ಊಟಾನೂ ಕಮ್ಮಿ ಆಗೈತಿ' ಎಂದರೆ ಡಾಕ್ಟರು ಕಾಲು ಮುಟ್ಟಿ ನೋಡಲೇಬೇಕಾಗುತ್ತದೆ. ಯಾವ ಗುಳಿಗೆ, ಎಷ್ಟು ಎಂಬುದನ್ನು ಅವರೇ ಹೇಳಲಿ. ಏನು ಬದಲಾಗಿದೆ ಎಂಬುದನ್ನು ಮನೆಯವರಷ್ಟು ಚೆನ್ನಾಗಿ ಹೇಳಬಲ್ಲವರು ಬೇರಿಲ್ಲ.

ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಹಳ್ಳಿಗಳಿಗೆ ಇದಕ್ಕಾಗಿ ಹೊಸ ಆಸ್ಪತ್ರೆ ಬೇಕಿಲ್ಲ. ಮನೆಮನೆ ತಿರುಗುವ ಆಶಾ ಕಾರ್ಯಕರ್ತೆಯರಿದ್ದಾರೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿವೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಬೇಕಿರುವುದು ಈ ಭಾಗದ ಮಾತಿನಲ್ಲಿ, ಚಿತ್ರಗಳೊಂದಿಗೆ ಅಚ್ಚಾದ ಒಂದು ಹಾಳೆ, ಆಶಾಗಳಿಗೆ ಒಂದು ದಿನದ ತರಬೇತಿ ಮತ್ತು ಆ ಹೆಚ್ಚುವರಿ ಕೆಲಸಕ್ಕೆ ತಕ್ಕ ಗೌರವಧನ. ಸೆಪ್ಟೆಂಬರ್ 21ರ ವಿಶ್ವ ಅಲ್ಜೈಮರ್ ದಿನಕ್ಕೆ ಮರೆವಿನ ಬಗ್ಗೆ ಭಾಷಣ ಮಾಡುವವರು ಈ ಹಾಳೆಯ ಲೆಕ್ಕ ಕೊಡಲಿ.

ಅಲ್ಲಿಯವರೆಗೆ 'ಅರಳುಮರಳು' ಎನ್ನುವ ಮೊದಲು ಅವ್ವನ ಕಾಲು, ಬಾಯಿ, ಬೆನ್ನು ನೋಡಿ. ಎತ್ತಿಗೆ ಅಷ್ಟು ಮಾಡುತ್ತೇವೆ.