ಬಹುಮಹಡಿ ಬಡಾವಣೆಗಳು ಮತ್ತು ಯೋಜನಾ ಸಮಿತಿಗಳ ಹೊಣೆ

ನಿವೇಶನದ ಬೆಲೆ ಏರಿದಂತೆ ಕಟ್ಟಡವೂ ಮೇಲಕ್ಕೇರುವುದು ಮಾರುಕಟ್ಟೆಯ ಸಹಜ ನಿಯಮ. ಇದರಲ್ಲಿ ಆಕ್ಷೇಪಿಸುವಂತಹದೇನೂ ಇಲ್ಲ. ಆದರೆ ನಿರ್ಮಾಪಕನ ಲೆಕ್ಕಪುಸ್ತಕದಲ್ಲಿ ಆಸ್ತಿಯೆಂದು ಕಾಣುವ ಅಂತಸ್ತು, ಅದೇ ಬೀದಿಯ ವರ್ತಕರ ಪಾಲಿಗೆ ಹೊಣೆಯಾಗಿ ಪರಿಣಮಿಸುವುದುಂಟು.

ಒಂದು ಸರಳ ಲೆಕ್ಕ ನೋಡಬಹುದು. 40 ಮನೆಗಳ ಒಂದು ವಸತಿ ಸಮುಚ್ಚಯ. ಮನೆಗೆ 5 ಜನ. ತಲಾ 135 ಲೀಟರ್ ನೀರು. ದಿನವೊಂದಕ್ಕೆ 27,000 ಲೀಟರ್ ಬೇಕು. ಅದರ ಬಹುಪಾಲು ಮರಳಿ ಚರಂಡಿಗೆ ಸೇರಬೇಕು. ಇಷ್ಟಕ್ಕೆ ಮೊದಲೇ ಏರ್ಪಾಡು ಇಲ್ಲದಿದ್ದರೆ ಬೀದಿಗೆ ನೀರಿನ ಟ್ಯಾಂಕರ್ ಬರುತ್ತದೆ, ಅಂಗಡಿಯ ಮುಂದೆ ವಾಹನಗಳು ನಿಲ್ಲುತ್ತವೆ, ಸರಕು ಇಳಿಸಲು ಸ್ಥಳವಿಲ್ಲದೆ ಗಿರಾಕಿ ಬೇರೆಡೆಗೆ ತಿರುಗುತ್ತಾನೆ.

ಒಂದೊಂದು ಕಟ್ಟಡಕ್ಕೆ ಪರವಾನಗಿ ನೀಡುವಾಗ ಈ ಒಟ್ಟು ಲೆಕ್ಕ ಕಾಣುವುದಿಲ್ಲ. ಅದನ್ನು ಕಾಣಬೇಕಾದದ್ದು ಯೋಜನಾ ಸಮಿತಿ. 74ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 243ಝಡ್‌ಡಿ ವಿಧಿಯಂತೆ, ಪಂಚಾಯಿತಿ ಹಾಗೂ ಪುರಸಭೆಗಳ ಯೋಜನೆಗಳನ್ನು ಒಗ್ಗೂಡಿಸುವುದು ಜಿಲ್ಲಾ ಯೋಜನಾ ಸಮಿತಿಯ ಕರ್ತವ್ಯ. ನೀರಿನ ಹಂಚಿಕೆ, ಭೂಬಳಕೆ, ಮೂಲಸೌಕರ್ಯಗಳು ಅದರ ವ್ಯಾಪ್ತಿಗೆ ಬರುತ್ತವೆ. ಸದಸ್ಯರಲ್ಲಿ ಕನಿಷ್ಠ ಐದರಲ್ಲಿ ನಾಲ್ಕು ಪಾಲು ಚುನಾಯಿತರೇ ಇರಬೇಕು. ಆದರೆ 2016ರಲ್ಲಿ ಆಯ್ಕೆಯಾದ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಚುನಾಯಿತರಿಲ್ಲದ ಸಮಿತಿ ಬಂಡವಾಳವಿಲ್ಲದ ಅಂಗಡಿಯಂತೆ, ಫಲಕವಿದ್ದರೂ ವಹಿವಾಟಿಲ್ಲ.

ವಿಳಂಬದ ಬೆಲೆಯೇನೆಂಬುದಕ್ಕೆ ಬೆಂಗಳೂರು ನಿದರ್ಶನ. 1993ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ ಅಲ್ಲಿ ಮಹಾನಗರ ಯೋಜನಾ ಸಮಿತಿ ರಚನೆಯಾದದ್ದು 2014ರಲ್ಲಿ. 2031ನೆಯ ಇಸವಿಯವರೆಗಿನ ಕರಡು ಮಹಾಯೋಜನೆ 2017ರಲ್ಲಿ ಪ್ರಕಟವಾದರೂ ಅಂತಿಮಗೊಳ್ಳಲಿಲ್ಲ. ಯೋಜನೆ ಕಾದಿತು, ಕಟ್ಟಡಗಳು ಕಾಯಲಿಲ್ಲ.

ಬೀದರ್‌ಗೆ ಮತ್ತಷ್ಟು ಎಚ್ಚರ ಬೇಕು. ಕೋಟೆ ಹಾಗೂ ಮಹಮೂದ್ ಗವಾನ್ ಮದರಸಾದಂತಹ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ. ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಇದು 2010ರ ಕಾನೂನು ತಿದ್ದುಪಡಿಯ ವಿಧಿ. ವಾಯುಪಡೆಯ ನೆಲೆ ಇರುವುದರಿಂದ ಎತ್ತರಕ್ಕೂ ಮಿತಿಯುಂಟು. ನೌಬಾದ್‌ನಲ್ಲಿ ಬಹಮನಿ ಕಾಲದ ಕರೇಜ್ ಸುರಂಗ ಕಾಲುವೆ ನೆಲದಡಿಯಲ್ಲಿದೆ. ಇವೆಲ್ಲವನ್ನೂ ನಕ್ಷೆಯಲ್ಲಿ ಸ್ಪಷ್ಟವಾಗಿ ಗುರುತಿಸಿದರೆ, ಕಟ್ಟಲಾಗದ ನಿವೇಶನಕ್ಕೆ ಸಾಲ ಮಾಡಿ ಹಣ ಹೂಡುವ ಪ್ರಮಾದ ವರ್ತಕನಿಗೆ ತಪ್ಪುತ್ತದೆ. ಮನ್ನಳ್ಳಿಯಂತಹ ಊರುಗಳಲ್ಲಿಯಂತೂ ಹೊಲಗಳು ಹೊಲಗಳಾಗಿರುವಾಗಲೇ ರಸ್ತೆಯ ಅಗಲ, ಚರಂಡಿಯ ಜಾಡು, ಸಂತೆಯ ಸ್ಥಳಗಳನ್ನು ಕಾದಿರಿಸುವುದು ಅಗ್ಗ. ನಿವೇಶನಗಳಾದ ಮೇಲೆ ಅದೇ ಭೂಮಿಯನ್ನು ಪರಿಹಾರ ಕೊಟ್ಟು ಪಡೆಯಬೇಕಾಗುತ್ತದೆ.

ವರ್ತಕ ಸಮುದಾಯದ ಕೈಯಲ್ಲಿ ಎರಡು ಸಾಧನಗಳಿವೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ ಮಹಾಯೋಜನೆ ಪ್ರಕಟವಾದಾಗ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನಗಳ ಅವಕಾಶವಿದೆ. ಜಿಲ್ಲಾ ಯೋಜನಾ ಸಮಿತಿಯು ರಾಜ್ಯಪಾಲರು ನಿರ್ದೇಶಿಸಿದ ಸಂಸ್ಥೆಗಳೊಡನೆ ಸಮಾಲೋಚಿಸಬೇಕೆಂದೂ ಸಂವಿಧಾನ ವಿಧಿಸಿದೆ. ಆ ಪಟ್ಟಿಯಲ್ಲಿ ವಾಣಿಜ್ಯ ಸಂಸ್ಥೆಗಳಿಗೂ ಸ್ಥಾನ ಕೇಳುವುದು ನ್ಯಾಯವಾದ ಬೇಡಿಕೆ. ತೆರಿಗೆ ಕಟ್ಟುವವರು ಯೋಜನೆ ರೂಪುಗೊಳ್ಳುವಾಗ ಮೌನವಾಗಿದ್ದು, ಕಟ್ಟಡ ಎದ್ದ ಮೇಲೆ ಮನವಿಪತ್ರ ಹಿಡಿದು ಹೊರಡುವುದು ಬಾಯಾರಿದಾಗ ಬಾವಿ ತೋಡಿದಂತೆಯೇ ಸರಿ.